ಹುಳಕ್ಕೆ ರೋಗ ಹಚ್ಚಲು ಜಪಾನಿಗೆ ಹೋದದ್ದು

ಶಿಡ್ಲಘಟ್ಟ ಬಸ್‌ಸ್ಟ್ಯಾಂಡು

ಜಪಾನಿಗೆ ಹೊರಟ ನನ್ನನ್ನು ಅಪ್ಪ ಬೀಳ್ಕೊಟ್ಟದ್ದು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ. ಅವರಿಗೆ ಅವತ್ತು ಅಲ್ಲಿನ ಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸವಿತ್ತು. ಪಕ್ಕದ ಮನೆಯವರ ರೇಷ್ಮೆಗೂಡು ತುಂಬಿದ್ದ ಟೆಂಪೋದಲ್ಲಿ ನನ್ನ ಸೂಟ್‌ಕೇಸೂ ಹತ್ತಿತು. ಕೆಂಚಾರ್ಲಹಳ್ಳಿಯಿಂದ ಶಿಡ್ಲಘಟ್ಟದವರೆಗೆ ಅದು ಗೂಡಿನ ಚೀಲಗಳ ಮಧ್ಯೆ ಕೂತು ಬಂತು. ವಿಮಾನ ನಿಲ್ದಾಣದಲ್ಲಿ ಅದನ್ನು ಬೆಲ್ಟಿನ ಮೇಲಿಟ್ಟ ಹುಡುಗಿ ಮೂಗಿಗೆ ಕೈ ಒಯ್ದಳು. ನನಗೆ ಆವರೆಗೆ ವಾಸನೆಯೇ ಗೊತ್ತಾಗಿರಲಿಲ್ಲ.

ಅಮ್ಮ ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರ ಬಂದ ಮಕ್ಕಳನ್ನು ಬಿಟ್ಟು ಹೋಗಲು ಯಾವ ತಾಯಿಗೆ ಮನಸ್ಸು ಬರುತ್ತದೆ? ನನಗೆ ಜ್ವರ ಇರಲಿಲ್ಲ, ಅದಕ್ಕೆ ನಾನು ಹೋಗಬಹುದಿತ್ತು.

ನಾನು ಮನೆ ಬಿಡುವ ಮುಂಚೆ ಹುಳದ ಮನೆಯ ಬಾಗಿಲಿನ ಜಾಲರಿಯಾಚೆ ನಿಂತು ಅಮ್ಮ ಕೇಳಿದಳು, "ಅಲ್ಲೂ ಹುಳ ಇದಾವಂತಾ?"

"ಇದಾವಮ್ಮ. ಅದಕ್ಕೇ ಹೋಗ್ತಿರೋದು."

"ಹುಳ ನೋಡಕ್ಕೆ ಅಷ್ಟು ದೂರ ಹೋಗ್ಬೇಕೇನೇ? ಇಲ್ಲೇ ಬಾ, ಸೊಪ್ಪು ಹಾಕು."

ಹೇಳುತ್ತಾ ಹೇಳುತ್ತಾ ಅವಳಿಗೆ ಉಬ್ಬಸ ಬಂತು. ಸೊಂಟಕ್ಕೆ ಸಿಕ್ಕಿಸಿದ್ದ ಪಂಪು ತೆಗೆದು ಬಾಯಿಗಿಟ್ಟು ಒತ್ತಿಕೊಂಡಳು. ಹುಳದ ಮನೆಯ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರಿನ ಘಾಟು ಅವಳ ಎದೆಗೆ ಆಗುವುದಿಲ್ಲ. ಹುಳವನ್ನು ಬಿಡುವುದು ಅವಳ ಕೈಯಲ್ಲಿ ಆಗುವುದಿಲ್ಲ. ಇಷ್ಟು ವರ್ಷ ಎರಡರ ನಡುವೆ ಆ ಪಂಪು ರಾಜಿ ಮಾಡಿಸಿಕೊಂಡು ಬಂದಿದೆ.

ನಾನು ಹೊರಟಿದ್ದು ಆ ಪಂಪಿನ ಸಲುವಾಗಿಯೇ ಅಂದರೆ ಪೂರ್ತಿ ಸುಳ್ಳಲ್ಲ. ಅದರೊಳಗಿನ ಔಷಧಿ ಎದೆಗೆ ಹೋಗಿ ಸುಮ್ಮನೆ ಎಲ್ಲೆಂದರಲ್ಲಿ ಕೂರುವುದಿಲ್ಲ. ಜೀವಕೋಶಕ್ಕೆ ಒಂದು ತೆಳು ಪೊರೆ ಇರುತ್ತದೆ. ಆ ಪೊರೆಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಆಗಿ ಒಂದು ಪ್ರೋಟೀನು ಕೂತಿರುತ್ತದೆ. ಹೊಸಿಲ ಮೇಲೆ ಕೂತ ಅಜ್ಜಿಯ ಹಾಗೆ ಬೀದಿಯ ಸುದ್ದಿಯನ್ನು ಒಳಗಿನವರಿಗೆ ಮುಟ್ಟಿಸುವುದು ಅದರ ಕೆಲಸ. ರಿಸೆಪ್ಟರ್ ಅನ್ನುತ್ತೇವೆ. ಪಂಪಿನ ಔಷಧಿ ಬಂದು ಅದನ್ನು ಹಿಡಿದುಕೊಂಡರೆ ಅದು ಒಳಗೆ ಸುದ್ದಿ ಕೊಡುತ್ತದೆ, ಉಸಿರಿನ ಕೊಳವೆ ಸಡಿಲವಾಗುತ್ತದೆ, ಅಮ್ಮ ಮತ್ತೆ ಬೈಯಲು ಶುರು ಮಾಡುತ್ತಾಳೆ.

ಇನ್ನೂ ಒಳ್ಳೆಯ ಔಷಧಿ ಹುಡುಕಬೇಕೆಂದರೆ ಮೊದಲು ಆ ರಿಸೆಪ್ಟರ್ ಕೈಗೆ ಸಿಗಬೇಕು. ಮನುಷ್ಯರ ಎದೆಯಿಂದ ಕಿತ್ತು ತರಲಾಗುವುದಿಲ್ಲವಾದ್ದರಿಂದ ಬೇರೆ ಜೀವಿಯ ಕೋಶದಲ್ಲಿ ಅದನ್ನು ಮಾಡಿಸಿಕೊಳ್ಳಬೇಕು. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಸಿ ನೋಡಿದೆ, ಯೀಸ್ಟಿನಲ್ಲಿ ಮಾಡಿಸಿ ನೋಡಿದೆ. ಪ್ರೋಟೀನೇನೋ ಬರುತ್ತಿತ್ತು. ಔಷಧಿ ಹಾಕಿದರೆ ಮಾತ್ರ ಹಿಡಿಯುತ್ತಿರಲಿಲ್ಲ. ಔಷಧಿ ಹಿಡಿಯದ ರಿಸೆಪ್ಟರ್ ಅಂದರೆ ಹೆಣ. ನನ್ನ ಪಿಎಚ್‌ಡಿಯ ಗೈಡ್ ಆದ ನಮ್ಮ ಮೇಡಂ ಕೊನೆಗೆ, "ಜಪಾನಲ್ಲಿ ರೇಷ್ಮೆಹುಳದ ಕೋಶದಲ್ಲೇ ಮಾಡಿಸ್ತಾರೆ. ಮೂರು ತಿಂಗಳು ಹೋಗಿ ಬಾ. ಅಲ್ಲೂ ಆಗ್ಲಿಲ್ಲ ಅಂದ್ರೆ ಈ ರಿಸೆಪ್ಟರ್ ಬಿಟ್ಬಿಡಣ, ಬೇರೆ ವಿಷಯ ತಗೊ" ಅಂದರು. ನಾಲ್ಕು ವರ್ಷದ ಕೆಲಸ ಆ ಮೂರು ತಿಂಗಳ ಮೇಲೆ ನಿಂತಿತು.

ಅಮ್ಮನಿಗೆ ಇಷ್ಟನ್ನೂ ಹೇಳಿದ್ದೆ. ಹುಳದ ಕೋಶದಲ್ಲಿ ಅದನ್ನು ಹೇಗೆ ಮಾಡಿಸುತ್ತಾರೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಹುಳಕ್ಕೆ ಹಾಲುತೊಂಡೆ ಹಚ್ಚುತ್ತಾರೆ.

ಹುಳ ಸಾಕುವ ಊರಿನಲ್ಲಿ ಹುಟ್ಟದವರಿಗೆ ಈ ಮಾತಿನ ಭಾರ ಗೊತ್ತಾಗಲಿಕ್ಕಿಲ್ಲ. ಹಾಲುತೊಂಡೆ ಬಂದ ಹುಳದ ಮೈಯ ಗೆಣ್ಣುಗಳು ಊದಿಕೊಳ್ಳುತ್ತವೆ, ಚರ್ಮ ಬಿಗಿಯಾಗಿ ಹೊಳೆಯುತ್ತದೆ, ಹುಳ ಮೇವು ಬಿಟ್ಟು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿ ಇಲ್ಲದೆ ಸುತ್ತುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂಥ ನೀರು ಸೋರುತ್ತದೆ. ಆ ನೀರು ಸೋಕಿದ ಹುಳವೆಲ್ಲ ಹೋಯಿತು. ನಮ್ಮ ಹುಳದ ಮನೆಯ ಹೊಸಿಲಿನಲ್ಲಿ ಸುಣ್ಣ ಚೆಲ್ಲಿರುತ್ತಾರೆ, ಕಾಲು ಅದ್ದದೆ ಯಾರೂ ಒಳಗೆ ಬರುವಂತಿಲ್ಲ. ಬೇರೆಲ್ಲೋ ಹಾಲುತೊಂಡೆ ನೋಡಿ ಬಂದವರಂತೂ ಕಾಲು ಅದ್ದಿದರೂ ಬರುವಂತಿಲ್ಲ. ಒಮ್ಮೆ ಪೆರೇಸಂದ್ರದ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ, ತನ್ನ ಬೆಳೆಯೆಲ್ಲ ಹಾಲುತೊಂಡೆಗೆ ಹೋಯಿತೆಂದು ಅಳುತ್ತಾ ಬಂದಳು. ಅಮ್ಮ ಅವಳನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ, ಕಾಫಿ ಕೊಟ್ಟು, ತಾನೂ ಅತ್ತು, ಅಲ್ಲಿಂದಲೇ ಬಸ್ಸು ಹತ್ತಿಸಿದಳು. ಚಿಕ್ಕಮ್ಮ ಅದನ್ನು ತಪ್ಪು ತಿಳಿಯಲಿಲ್ಲ. ಅವಳಾಗಿದ್ದರೂ ಅದನ್ನೇ ಮಾಡುತ್ತಿದ್ದಳು.

ಆ ರೋಗ ತರುವುದು ಒಂದು ವೈರಸ್ಸು. ಅದು ಹುಳದ ಕೋಶಕ್ಕೆ ನುಗ್ಗಿ ತನಗೆ ಬೇಕಾದದ್ದನ್ನು ರಾಶಿ ರಾಶಿ ಮಾಡಿಸಿಕೊಳ್ಳುತ್ತದೆ. ವಿಜ್ಞಾನಿಗಳು ಅದರ ಒಂದು ಜೀನು ತೆಗೆದು ಆ ಜಾಗಕ್ಕೆ ಮನುಷ್ಯರ ಜೀನು ಇಟ್ಟರು. ಈಗ ಕಳ್ಳನ ಕೈಯಲ್ಲೇ ಕಾವಲು ಕೆಲಸ. ವೈರಸ್ಸು ನುಗ್ಗಿದ ಹುಳ ಸಾಯುವ ಮುಂಚೆ ನಮಗೆ ಬೇಕಾದ ರಿಸೆಪ್ಟರನ್ನು ತನ್ನ ಕೋಶಗಳ ಪೊರೆಯಲ್ಲಿ ಮಾಡಿಟ್ಟು ಸಾಯುತ್ತದೆ.

ಎರಡನೇ ಮಹಡಿ, ಕೊನೇ ರೂಮು

ನಾನು ಇಳಿದ ಊರು ಬೆಟ್ಟಗಳ ಮಧ್ಯೆ ಇರುವ ಸಣ್ಣ ಪಟ್ಟಣ. ಹಿಂದೆ ಅಲ್ಲಿ ಮನೆಮನೆಯಲ್ಲೂ ಹುಳ ಸಾಕುತ್ತಿದ್ದರಂತೆ. ಈಗ ಹುಳ ಉಳಿದಿರುವುದು ಲ್ಯಾಬಿನಲ್ಲಿ ಮಾತ್ರ. ಹಿಪ್ಪುನೇರಳೆ ಗಿಡಗಳು ಅಲ್ಲಲ್ಲಿ ಮರವಾಗಿ ಬೆಳೆದು ನಿಂತಿವೆ, ಕೇಳುವವರಿಲ್ಲ. ಮೊದಲ ದಿನ ಅಂಥ ಒಂದು ಮರ ಕಂಡು ಕೈ ತಾನಾಗಿಯೇ ಒಂದು ಎಲೆ ಕಿತ್ತು ಮಡಿಸಿ ನೋಡಿತು. ಎಲೆ ಬಲಿತಿತ್ತು. ಎದುರು ಮನೆಯ ಮುದುಕರೊಬ್ಬರು ಕಿಟಕಿಯಿಂದ ನೋಡಿ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಅವರು ಇನ್ನೊಮ್ಮೆ ಬಾಗಿಸಿದರು. ಇದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎಲೆ ಹಿಡಿದುಕೊಂಡೇ ಓಡಿಬಂದೆ.

ಚಪ್ಪಲಿಯದು ಇನ್ನೊಂದು ಪುರಾಣ. ಹೊರಗಿನ ಚಪ್ಪಲಿ ಬೇರೆ, ಒಳಗಿನದು ಬೇರೆ, ಕಕ್ಕಸಿಗೆ ಬೇರೆ, ಹುಳದ ಕೋಣೆಗೆ ಬೇರೆ. ಹುಳದ ಕೋಣೆಯದನ್ನು ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಕಕ್ಕಸಿನ ಚಪ್ಪಲಿಯನ್ನು ಮಾತ್ರ ಮೆಟ್ಟಿಕೊಂಡು ನೇರವಾಗಿ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರರ ಕೋಣೆಗೆ ಹೋಗಿ ಕೂತೆ. ಅವರು ಮಾತಿನುದ್ದಕ್ಕೂ ನನ್ನ ಮುಖ ನೋಡಿದರು, ಪಾದ ನೋಡಲಿಲ್ಲ. ನಮ್ಮ ಕಡೆಯಾಗಿದ್ದರೆ ಯಾರಾದರೂ ಬಾಗಿಲಲ್ಲೇ "ಅಯ್ಯೋ, ಏನೇ ಅದು ಕಾಲಲ್ಲಿ!" ಅಂದು ನಕ್ಕುಬಿಡುತ್ತಿದ್ದರು. ಆ ನಗು ಸಿಗದೆ ನನಗೆ ಹೆಚ್ಚು ಅವಮಾನವಾಯಿತು.

ನನ್ನ ರೂಮಿನಲ್ಲಿ ಮಾತಾಡುತ್ತಿದ್ದುದು ನೀರು ಕಾಯಿಸುವ ಯಂತ್ರವೊಂದೇ. ನೀರು ಕಾದರೆ ಒಬ್ಬ ಹೆಂಗಸಿನ ದನಿಯಲ್ಲಿ ಏನೋ ಹೇಳುತ್ತಿತ್ತು. ಒಂದು ವಾರದ ನಂತರ ನಾನು ಅದಕ್ಕೆ "ಹೂಂ, ಬಂದೆ ಇರು" ಅನ್ನತೊಡಗಿದೆ. ನೆರೆಯವರ ಮುಖ ನಾನು ಒಮ್ಮೆಯೂ ನೋಡಲಿಲ್ಲ. ಅವರ ಬಾಗಿಲು ಮುಚ್ಚುವ ಸದ್ದು ಮಾತ್ರ ಬರುತ್ತಿತ್ತು, ಅದೂ ಕ್ಷಮೆ ಕೇಳಿದಂತೆ ಮೆಲ್ಲಗೆ.

ಸಂಜೆ ಐದಕ್ಕೆ ಊರಿನ ಕಂಬಗಳಲ್ಲಿರುವ ಲೌಡ್‌ಸ್ಪೀಕರುಗಳು ಒಂದು ಹಾಡಿನ ಧಾಟಿ ನುಡಿಸುತ್ತವೆ. ಮೊದಲ ದಿನ ದೇವಸ್ಥಾನದ್ದೋ ಪಂಚಾಯ್ತಿಯದೋ ಪ್ರಕಟಣೆ ಅಂದುಕೊಂಡೆ. ಮಕ್ಕಳೇ, ಸಂಜೆಯಾಯಿತು, ಆಟ ಸಾಕು, ಮನೆಗೆ ಹೋಗಿ ಅಂತ ಅದರ ಅರ್ಥವಂತೆ. ಹಾಡು ಬಂದೊಡನೆ ಎದುರಿನ ಮೈದಾನ ಖಾಲಿಯಾಗುತ್ತಿತ್ತು. ಮನೆಗೆ ಹೋಗಿ ಎಂದು ಇಡೀ ಊರಿಗೆ ಕೂಗಿ ಹೇಳುವಾಗ ಕಿಟಕಿಯಲ್ಲಿ ನಿಂತು ನಾನೂ ಕೇಳುತ್ತಿದ್ದೆ. ಎಷ್ಟೋ ದಿನ ಆ ಹೊತ್ತಿಗೆ ಅತ್ತಿದ್ದೇನೆ.

ಹುಳದ ಕೋಣೆ

ಮೊದಲ ಎರಡು ತಿಂಗಳು ವೈರಸ್ಸಿನೊಳಗೆ ನನ್ನ ರಿಸೆಪ್ಟರಿನ ಜೀನು ಕೂರಿಸುವುದರಲ್ಲೇ ಕಳೆದವು. ಆಮೇಲೆ ಹುಳದ ಕೋಣೆಗೆ ನನ್ನನ್ನು ಬಿಟ್ಟುಕೊಂಡವರು ಹಯಾಶಿ ಸಾನ್. ಸಾನ್ ಅಂದರೆ ಅಲ್ಲಿನ "ಅವರೇ". ಅರವತ್ತರ ಹತ್ತಿರದ ಹೆಂಗಸು, ಲ್ಯಾಬಿನ ಹುಳಗಳ ಪೂರ್ತಿ ಜವಾಬ್ದಾರಿ ಅವರದು. ಅವರಿಗೆ ಬರುವ ಇಂಗ್ಲಿಷು ಕಡಿಮೆ, ನನ್ನ ಜಪಾನಿ ಇನ್ನೂ ಕಡಿಮೆ. ನಡುವೆ ಫೋನಿನ ಅನುವಾದ. ಅದು ನಮ್ಮಿಬ್ಬರ ಮಾತನ್ನೂ ಕೆಡಿಸಿ ಒಂದು ಹದಕ್ಕೆ ತರುತ್ತಿತ್ತು.

ಅಲ್ಲಿನ ಹುಳಕ್ಕೆ ಸೊಪ್ಪಿಲ್ಲ. ಎಲೆಯ ಪುಡಿಯನ್ನು ಹಿಟ್ಟಿನ ಜೊತೆ ಕಲಸಿ ಬೇಯಿಸಿದ ಹಸಿರು ಹಲ್ವ ಹಾಕುತ್ತಾರೆ. ಚಾಕುವಿನಲ್ಲಿ ಕತ್ತರಿಸಿ ಇಟ್ಟರೆ ಹುಳಗಳು ಶಿಸ್ತಾಗಿ ತಿನ್ನುತ್ತವೆ. ಸೊಪ್ಪಿನ ಸರಸರ ಸದ್ದಿಲ್ಲದ ಹುಳದ ಮನೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹುಳವೂ ಅಲ್ಲಿಯವರ ಹಾಗೆ ಸದ್ದಿಲ್ಲದೆ ಉಣ್ಣುವುದನ್ನು ಕಲಿತಿದ್ದವು.

ಹುಳ ತಲೆಯೆತ್ತಿ ಕೂತಾಗ ನಾನು, "ನಾಲ್ಕನೇ ಜ್ವರ" ಅಂದೆ. ಫೋನು ಅದನ್ನು ಹೇಳಿದ ಕೂಡಲೇ ಹಯಾಶಿ ಸಾನ್ ಗಾಬರಿಯಾಗಿ ಕೋಣೆಯ ಉಷ್ಣಾಂಶ ನೋಡಿದರು. ವಿವರಿಸಿದ ಮೇಲೆ ನಕ್ಕರು. ಅವರ ಭಾಷೆಯಲ್ಲಿ ಅದಕ್ಕೆ ನಿದ್ದೆ ಅನ್ನುತ್ತಾರೆ. ಮೊದಲ ನಿದ್ದೆ, ಎರಡನೇ ನಿದ್ದೆ. ಅದೇ ಹುಳ, ಅದೇ ತಲೆಯೆತ್ತಿ ಕೂರುವ ಭಂಗಿ. ನಮ್ಮ ಹೆಂಗಸರು ಅದರ ಹಣೆ ಮುಟ್ಟಿ ನೋಡಲು ಹೊರಟರು, ಇವರು ದೀಪ ಸಣ್ಣ ಮಾಡಿ ಹೊರಗೆ ಬಂದರು.

ವೈರಸ್ಸು ಚುಚ್ಚುವ ದಿನ ನಾನು ಜಾರಿಕೊಂಡೆ. "ನಂಗೆ ಕೈ ನಡುಗುತ್ತೆ, ನೀವೇ ಚುಚ್ಚಿ" ಎಂದು ಹಯಾಶಿ ಸಾನ್‌ಗೆ ಹೇಳಿ, ಹುಳ ಎತ್ತಿ ಎತ್ತಿ ಕೊಟ್ಟೆ. ಅವರು ಒಂದೊಂದಕ್ಕೂ ಚುಚ್ಚಿದರು. ಚುಚ್ಚಿದ ತಟ್ಟೆಯನ್ನು ಆ ಕೋಣೆಯಲ್ಲಿಟ್ಟು, ಹೋಲಿಸಿ ನೋಡಲು ಏನೂ ಚುಚ್ಚದ ಇನ್ನೊಂದು ತಟ್ಟೆಯನ್ನು ಪಕ್ಕದ ಕೋಣೆಯಲ್ಲಿಟ್ಟೆವು. ನಾಲ್ಕೈದು ದಿನ ಬಿಟ್ಟು ಚುಚ್ಚಿದ ಹುಳಗಳನ್ನು ಸೀಳಿ, ಕೊಬ್ಬಿನ ಭಾಗ ತೆಗೆದು, ಅದರ ಪೊರೆಯಿಂದ ರಿಸೆಪ್ಟರ್ ಬೇರ್ಪಡಿಸಬೇಕು. ಅಷ್ಟು ಹೊತ್ತಿಗೆ ನನ್ನ ವಾಪಸು ವಿಮಾನಕ್ಕೆ ಎರಡು ವಾರವೂ ಉಳಿದಿರಲಿಲ್ಲ.

ಊಟದ ಮೇಜು

ಮಧ್ಯಾಹ್ನ ಎಲ್ಲರೂ ಒಂದೇ ಮೇಜಿಗೆ ಕೂತರೂ ಒಬ್ಬೊಬ್ಬರ ಡಬ್ಬಿ ಒಬ್ಬೊಬ್ಬರದು. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಡಬ್ಬಿ ತೆರೆದರೆ ಪಕ್ಕದವಳ ಕೈ ಮೊದಲು ಅದರೊಳಗೆ ಹೋಗುತ್ತದೆ. ನಾನು ಅಭ್ಯಾಸಬಲದಿಂದ ನನ್ನ ಹುಳಿಯನ್ನದ ಡಬ್ಬಿಯನ್ನು ಪಕ್ಕದ ಹುಡುಗಿಯ ಕಡೆ ನೂಕಿದೆ. ಅವಳು ಎರಡೂ ಕೈ ಜೋಡಿಸಿ ಧನ್ಯವಾದ ಹೇಳಿ, ಇಡೀ ಡಬ್ಬಿ ತನಗೇ ಕೊಟ್ಟದ್ದೆಂದು ತಿಳಿದು, ಕಷ್ಟಪಟ್ಟು ಪೂರ್ತಿ ತಿಂದಳು. ಅವತ್ತು ನಾನು ಉಪವಾಸ.

ಎರಡು ಕಡ್ಡಿಯಲ್ಲಿ ತಿನ್ನುವುದು ನನಗೆ ಬರುತ್ತಿರಲಿಲ್ಲ. ಒಂದು ದಿನ ಕಡ್ಡಿಯ ತುದಿಯಲ್ಲಿ ಒಂದು ಬೀನ್ಸು ಕಾಳು ಜಾರುವುದನ್ನು ನೋಡುತ್ತಿದ್ದಾಗ ಹೊಳೆಯಿತು. ಕಡ್ಡಿ ಹಿಡಿಯುವುದು ನನಗೆ ಚಿಕ್ಕಂದಿನಿಂದ ಗೊತ್ತು! ನಮ್ಮ ಹುಳದ ಮನೆಯಲ್ಲಿ ಹಾಲುತೊಂಡೆಯ ಹುಳವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಎರಡು ಬಿದಿರು ಕಡ್ಡಿಯ ಮಧ್ಯೆ ಹಿಡಿದು, ಒಡೆಯದ ಹಾಗೆ ಎತ್ತಿ, ಸುಣ್ಣ ಮತ್ತು ಬ್ಲೀಚಿಂಗ್ ಕಲಸಿದ ಬೇಸಿನ್ನಿಗೆ ಹಾಕುತ್ತೇವೆ. ಆರನೇ ಕ್ಲಾಸಿನಲ್ಲೇ ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಾಳನ್ನು ಹುಳ ಅಂದುಕೊಂಡೆ, ಕೈ ತಾನೇ ಸರಿಹೋಯಿತು. ಊಟದ ರುಚಿ ಮಾತ್ರ ಹೋಯಿತು.

ಆ ಭಾನುವಾರ

ಶನಿವಾರ, ಭಾನುವಾರ ಲ್ಯಾಬಿಗೆ ರಜೆ. ಶುಕ್ರವಾರ ಸಂಜೆಯಿಂದ ನಾನು ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ. ಭಾನುವಾರ ಬೆಳಿಗ್ಗೆ ಹುಳ ನೋಡುವ ಪಾಳಿ ನನ್ನದು. ಖಾಲಿ ಕಟ್ಟಡದಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಹುಳದ ಕೋಣೆಯ ಬಾಗಿಲು ತೆಗೆದಾಗ ಮೂಲೆಯ ಬಕೀಟಿನಿಂದ ಬ್ಲೀಚಿನ ವಾಸನೆ ಬಂತು. ನಮ್ಮ ಮನೆಯ ಹೊಸಿಲಿನ ವಾಸನೆ. ತಡೆಯಲಾಗದೆ ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗಿನ್ನೂ ನಸುಕು. ಅಮ್ಮ ಮೊದಲ ಸೊಪ್ಪು ಹಾಕುತ್ತಿದ್ದಳು.

"ಏನಮ್ಮಾ, ಇಷ್ಟೊತ್ಗೆ?" ಅಂದಳು.

"ಸುಮ್ನೆ. ನಿನ್ ದನಿ ಕೇಳಣ ಅಂತ."

"ಗಂಟ್ಲು ಯಾಕೆ ಹಂಗಿದೆ? ಯಾರ ಹತ್ರನೂ ಮಾತಾಡಲ್ವಾ?"

"ಇಲ್ಲಿ ಹುಳ ನೋಡಮ್ಮ" ಎಂದು ಮಾತು ಬದಲಿಸಿ, ಫೋನನ್ನು ತಟ್ಟೆಯ ಕಡೆ ತಿರುಗಿಸಿದೆ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದವಳಿಗೆ ಏನಾದರೊಂದು ತೋರಿಸಬೇಕಿತ್ತು.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ತಟ್ಟೆಯ ಅಂಚಿನಲ್ಲಿ ಹುಳಗಳು ಸುತ್ತುತ್ತಿದ್ದವು. ಗೆಣ್ಣು ಊದಿ, ಚರ್ಮ ಹೊಳೆಯುತ್ತಿತ್ತು. ಹಾಗೇ ಆಗಬೇಕಿತ್ತು, ಅದಕ್ಕೇ ಚುಚ್ಚಿದ್ದು. ಆದರೆ ಅಮ್ಮ ಕಿರುಚಿದ್ದು ಆ ಖಾಲಿ ಕಟ್ಟಡದ ತುಂಬ ಕೇಳಿತು. ಗಾಬರಿಯಾದರೆ ನಮ್ಮಮ್ಮನ ಬಾಯಲ್ಲಿ ತೆಲುಗು ಬರುತ್ತದೆ.

"ಅಯ್ಯೋ ದೇವುಡಾ! ಹಾಲುತೊಂಡೆ ಕಣೇ! ತೀಸೇಯ್! ತೀಸೇಯ್! ನೋಡ್ತಾ ನಿಂತಿದೀಯಲ್ಲೇ, ತೆಗೆದು ಹಾಕೇ ಬೇಗ! ಒಡೆದ್ರೆ ಎಲ್ಲಾ ಹೋಯ್ತದೆ!"

ನನ್ನ ಕೈ ಯಾರ ಮಾತು ಕೇಳಿತೋ ನಾನು ಇವತ್ತಿಗೂ ಹೇಳಲಾರೆ. ಫೋನು ಕಪಾಟಿಗೆ ಒರಗಿತು, ಪಕ್ಕದಲ್ಲಿದ್ದ ಉದ್ದ ಚಿಮುಟ ಕೈಗೆ ಬಂತು, ಬಕೀಟು ಹತ್ತಿರವಾಯಿತು. ಅಮ್ಮ "ಅದೋ, ಆ ಮೂಲೇಲಿ ಇನ್ನೊಂದು" ಅನ್ನುತ್ತಿದ್ದಳು, ನಾನು "ಹೂಂ, ಕಾಣ್ತು" ಅನ್ನುತ್ತಿದ್ದೆ. ಒಂದನ್ನೂ ಒಡೆಯದ ಹಾಗೆ ಎತ್ತೆತ್ತಿ ಬ್ಲೀಚಿಗೆ ಹಾಕಿದೆ. ನಾವಿಬ್ಬರೂ ಹೀಗೆ ಒಂದು ಕೆಲಸ ಸೇರಿ ಮಾಡಿ ಎಷ್ಟೋ ವರ್ಷವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆ ಹತ್ತು ನಿಮಿಷ ನಾನು ಜಪಾನಿನಲ್ಲಿ ಅತ್ಯಂತ ಸುಖವಾಗಿದ್ದ ಹೊತ್ತು.

"ಹ್ಞಾ, ಈಗ ಸುಣ್ಣ ಎರಚು" ಅಂದಳು ಅಮ್ಮ.

ಸುಣ್ಣ ಹುಡುಕಲು ತಿರುಗಿದಾಗ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಹೆಸರು, ನನ್ನ ವೈರಸ್ಸಿನ ಹೆಸರು ಕಂಡಿತು. ಚಿಮುಟ ಹಿಡಿದುಕೊಂಡೇ ನೆಲಕ್ಕೆ ಕೂತೆ. ನಾಲ್ಕು ವರ್ಷದ ಕೆಲಸ ಬಕೀಟಿನಲ್ಲಿ ತೇಲುತ್ತಿತ್ತು. ಫೋನಿನಲ್ಲಿ ಅಮ್ಮ, "ಬೇರೆಯೋರ ಹುಳ ಉಳಿಸಿದ್ಯಲ್ಲ, ಪುಣ್ಯ ಬರ್ಲಿ ಬಿಡು" ಅನ್ನುತ್ತಿದ್ದಳು. ನಾನು "ಆಯ್ತಮ್ಮ, ಆಮೇಲೆ ಮಾಡ್ತೀನಿ" ಎಂದು ಕಟ್ ಮಾಡಿದೆ.

ಮತ್ತೆ ಹುಳದ ಕೋಣೆ

ಸೋಮವಾರ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಪ್ರೊಫೆಸರ್ ಹಲ್ಲಿನ ಸಂದಿಯಿಂದ ಉದ್ದಕ್ಕೆ ಉಸಿರೆಳೆದುಕೊಂಡರು. ಅಲ್ಲಿ ಅದು ಬೈಗುಳವೋ ಅನುಕಂಪವೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹಯಾಶಿ ಸಾನ್ ಬಕೀಟಿನೊಳಗೆ ಬಗ್ಗಿ ನೋಡಿ, ಫೋನಿಗೆ ಏನೋ ಹೇಳಿದರು. ಫೋನು ಓದಿತು: "ನಿಮ್ಮ ತಾಯಿಯ ಕಣ್ಣು ಬಹಳ ಒಳ್ಳೆಯದು."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ತಟ್ಟೆಯಲ್ಲಿ ಉಳಿದಿದ್ದ ಕೆಲವು ಹುಳ ಅಷ್ಟರಲ್ಲಿ ಸತ್ತು ಕಪ್ಪಾಗಿದ್ದವು. ಹೊಸದಾಗಿ ಮೊಟ್ಟೆಯಿಂದ ಶುರು ಮಾಡಲು ಸಮಯವಿಲ್ಲ. ಉಳಿದದ್ದು ಪಕ್ಕದ ಕೋಣೆಯಲ್ಲಿದ್ದ, ಏನೂ ಚುಚ್ಚದ ಆ ಇನ್ನೊಂದು ತಟ್ಟೆ. ಹೋಲಿಕೆಗೆ ನಾಲ್ಕಾರು ಬಿಟ್ಟು ಮಿಕ್ಕವಕ್ಕೆ ಇವತ್ತೇ ಚುಚ್ಚಿದರೆ, ನಾನು ವಿಮಾನ ಹತ್ತುವ ಮುಂಚೆ ಒಂದು ಸಲ ನೋಡಬಹುದು. ಒಂದೇ ಸಲ.

ಹಯಾಶಿ ಸಾನ್ ಸಿರಿಂಜು ತುಂಬಿ ನನ್ನ ಕಡೆ ಹಿಡಿದರು. ನಾನು ಎಂದಿನಂತೆ ಹುಳ ಎತ್ತಲು ಹೋದೆ. ಅವರು ಬೇಡವೆಂದು ತಲೆಯಾಡಿಸಿದರು. "ನಿಮ್ಮ ಹುಳ" ಅಂದರು, ಇಂಗ್ಲಿಷಿನಲ್ಲೇ.

ಅವು ಚಂದದ ಹುಳಗಳು. ಹಾಲುಗಲ್ಲದ ಬಣ್ಣ, ಮೈ ತುಂಬಿ, ಮುಟ್ಟಿದರೆ ತಣ್ಣಗೆ. ನಮ್ಮಮ್ಮ ನೋಡಿದ್ದರೆ ದೃಷ್ಟಿ ತೆಗೆಯುತ್ತಿದ್ದಳು. ಒಂದನ್ನು ಎಡಗೈಗೆ ತೆಗೆದುಕೊಂಡೆ. ಅದು ತನ್ನ ಸಣ್ಣ ಕಾಲುಗಳಲ್ಲಿ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹುಳ ಹಾಗೆ ಹಿಡಿದುಕೊಂಡರೆ ಆರೋಗ್ಯವಾಗಿದೆ ಅಂತ ಅರ್ಥ. ಸೂಜಿ ಒಳಗೆ ಹೋದಾಗ ಒಂದು ಸಲ ಮೈ ಸುರುಟಿ ಮತ್ತೆ ಬಿಟ್ಟಿತು. ತಟ್ಟೆ ಮುಗಿಯುವವರೆಗೆ ನಾನು ತಲೆ ಎತ್ತಲಿಲ್ಲ. ಆರೋಗ್ಯವಾಗಿದ್ದ ಹುಳಕ್ಕೆ ಹಾಲುತೊಂಡೆ ಹಚ್ಚಿದ ಮೊದಲ ಹೆಂಗಸು ನಮ್ಮ ವಂಶದಲ್ಲಿ ನಾನೇ ಇರಬೇಕು.

ರಿಸೆಪ್ಟರಿನ ಜೊತೆ ಹಸಿರು ಹೊಳೆಯುವ ಒಂದು ಪ್ರೋಟೀನನ್ನು ಗುರುತಿಗೆಂದು ಸೇರಿಸಿದ್ದೆವು. ಗುರುವಾರ ದೀಪ ಆರಿಸಿ ನೀಲಿ ಬೆಳಕು ಬಿಟ್ಟಾಗ ಇಡೀ ತಟ್ಟೆ ಎಳೆ ಸೊಪ್ಪಿನ ಬಣ್ಣಕ್ಕೆ ಹೊಳೆಯಿತು. ಚುಚ್ಚದ ಹುಳಗಳು ಹೊಳೆಯದೆ ಕತ್ತಲಲ್ಲೇ ಉಳಿದವು. ಹೊಳೆಯುವುದು ಅಂದರೆ ರಿಸೆಪ್ಟರ್ ತಯಾರಾಗಿದೆ ಅಂತ ಅಷ್ಟೇ. ಜೀವ ಇದೆಯೋ ಇಲ್ಲವೋ ಔಷಧಿಯೇ ಹೇಳಬೇಕು.

ಮರುದಿನ ಹುಳ ಸೀಳಿ, ಅರೆದು, ವೇಗವಾಗಿ ತಿರುಗಿಸಿ ಪೊರೆಯನ್ನು ಬೇರೆ ಮಾಡಿದೆವು. ಪೊರೆಯಿಂದ ಹೊರಗೆ ತೆಗೆದ ರಿಸೆಪ್ಟರ್ ಬಹಳ ಬೇಗ ಕುಸಿದುಬೀಳುತ್ತದೆ. ಅದಕ್ಕೆ ತಕ್ಕ ಸೋಪಿನ ನೀರಿನಲ್ಲಿ, ಮಂಜುಗಡ್ಡೆಯ ಮೇಲೆ, ಉಸಿರು ಬಿಗಿಹಿಡಿದು ಕೆಲಸ ಮಾಡಬೇಕು. ಸಿಕ್ಕಿದ್ದು ಸ್ವಲ್ಪ. ಅದಕ್ಕೆ ಯಂತ್ರದ ಕಣ್ಣಿಗೆ ಕಾಣುವಂತೆ ಗುರುತು ಹಾಕಿದ ಔಷಧಿ ಸೇರಿಸಿದೆ, ಅಮ್ಮನ ಪಂಪಿನಲ್ಲಿರುವ ಔಷಧಿಯ ಅಣ್ಣತಮ್ಮನೇ ಅದು. ಯಂತ್ರದಲ್ಲಿ ಅಂಕಿ ಮೆಲ್ಲಗೆ ಏರಿತು. ಸುಮ್ಮನೆ ಮೆತ್ತಿಕೊಂಡಿದೆಯೋ ನಿಜವಾಗಿ ಹಿಡಿದಿದೆಯೋ ತಿಳಿಯಲು ಇನ್ನೊಂದು ಕೊಳವೆಗೆ ಪಂಪಿನ ಔಷಧಿಯನ್ನೇ ಹೆಚ್ಚಾಗಿ ಸುರಿದೆ. ಅಲ್ಲಿ ಅಂಕಿ ಇಳಿಯಿತು. ಬಂದ ಔಷಧಿ ಕೂತಿದ್ದ ಔಷಧಿಯನ್ನು ಎಬ್ಬಿಸಿ ತಾನು ಕೂತಿತ್ತು. ಕೂರಲು ಜಾಗವಿದೆ ಅಂತಾಯಿತು. ರಿಸೆಪ್ಟರ್ ಬದುಕಿತ್ತು.

ಪ್ರೊಫೆಸರ್ ನೋಡಿ, "ಚಿಕ್ಕದು, ಆದರೆ ನಿಜ" ಎಂದು ತಮ್ಮ ಕೋಣೆಗೆ ಹೋದರು. ಮೇಡಂಗೆ ಮೆಸೇಜು ಕಳಿಸಿದೆ, ಅವರು ಕ್ಲಾಸಿನಲ್ಲಿದ್ದರು. ಅಮ್ಮನಿಗೆ ಫೋನು ಮಾಡಿದೆ, ಸೊಪ್ಪು ಹಾಕುವ ಹೊತ್ತು, ಎತ್ತಲಿಲ್ಲ. ಐದರ ಹಾಡು ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಗೆದ್ದಿದ್ದೆ, ಹೇಳಿಕೊಳ್ಳಲು ನೀರು ಕಾಯಿಸುವ ಯಂತ್ರ ಬಿಟ್ಟರೆ ಯಾರೂ ಇರಲಿಲ್ಲ. ಗೆಲುವು ಇಷ್ಟು ಒಂಟಿಯಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕಲ್ಲಿನ ಹತ್ತಿರ

ಹೊರಡುವ ಹಿಂದಿನ ದಿನ ಹಯಾಶಿ ಸಾನ್ ನನ್ನನ್ನು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪಾಚಿ ಹತ್ತಿದ ಒಂದು ನಿಲುಗಲ್ಲು. ಲ್ಯಾಬಿಗಾಗಿ ಸತ್ತ ಹುಳಗಳ ನೆನಪಿಗೆ ನಿಲ್ಲಿಸಿದ್ದಂತೆ. ವರ್ಷಕ್ಕೊಮ್ಮೆ ಎಲ್ಲರೂ ಬಂದು ತಲೆ ಬಾಗುತ್ತಾರಂತೆ. ನನಗೆ ಅಲ್ಲಿಯವರೆಗೆ ಇರಲಾಗುವುದಿಲ್ಲವೆಂದು ಅವರು ನನ್ನೊಬ್ಬಳಿಗಾಗಿ ಬಂದಿದ್ದರು. ಒಂದು ಲೋಟ ನೀರು, ಎರಡು ಹಿಪ್ಪುನೇರಳೆ ಎಲೆ ಇಟ್ಟು ಬಾಗಿದರು. ನಿಜವಾದ ಎಲೆ. ಬದುಕಿರುವವರೆಗೂ ಹಲ್ವ ತಿಂದ ಹುಳಕ್ಕೆ ಸತ್ತ ಮೇಲೆ ಎಲೆ.

ನಮ್ಮ ಕಡೆ ಹುಳ ತಂದ ದಿನ ಪೂಜೆ ಮಾಡುತ್ತೇವೆ, ಗೂಡು ಮಾರಿದ ದಿನ ಹಬ್ಬ ಮಾಡುತ್ತೇವೆ. ನೂಲು ತೆಗೆಯುವಾಗ ಗೂಡಿನ ಜೊತೆ ಬಿಸಿನೀರಿಗೆ ಬಿದ್ದ ಹುಳದ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೈ ಮುಗಿದು ನಿಂತೆ. "ತಪ್ಪಾಯ್ತು ಕಣ್ರಪ್ಪ" ಅಂದೆ. ಹಯಾಶಿ ಸಾನ್ ಫೋನು ಹೊರತೆಗೆಯಲಿಲ್ಲ, ಅದರ ಅನುವಾದ ಕೇಳಲಿಲ್ಲ.

ಕೆಂಚಾರ್ಲಹಳ್ಳಿ

ಊರು ತಲುಪಿದಾಗ ಸಂಜೆ. ಅಪ್ಪ ಸೂಟ್‌ಕೇಸು ಒಳಗಿಟ್ಟು ತೋಟಕ್ಕೆ ಸೊಪ್ಪು ಕೊಯ್ಯಲು ಹೋದರು. ಅಮ್ಮ ಹುಳದ ಮನೆಯಲ್ಲಿದ್ದಳು. ಹೊಸ ಬೆಳೆ, ನಾಲ್ಕನೇ ಜ್ವರದಿಂದ ಎದ್ದು ಹಸಿದ ಹುಳ. ಮೂರು ತಿಂಗಳಿಂದ ನಾನು ಕೇಳದ ಸರಸರ ಸದ್ದು ಜಾಲರಿಯಿಂದ ಹೊರಗೆ ಬರುತ್ತಿತ್ತು. ಅಮ್ಮ ನನ್ನನ್ನು ನೋಡಿ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. "ಬಾರಮ್ಮಾ, ಕಾಲು ಅದ್ಕೊಂಡ್ ಬಾ, ಎಷ್ಟು ಸಣ್ಣ ಆಗೋಗಿದೀಯಾ."

ಕೈಕಾಲು ಹತ್ತು ಸಲ ತೊಳೆದಿದ್ದೆ. ಲ್ಯಾಬಿನ ಬಟ್ಟೆ ಅಲ್ಲೇ ಬಿಟ್ಟು ಬಂದಿದ್ದೆ. ನನ್ನಿಂದ ರೋಗ ಬರುವುದಿಲ್ಲ ಎಂದು ನನ್ನ ವಿಜ್ಞಾನಕ್ಕೆ ಗೊತ್ತಿತ್ತು. ಆದರೂ ಸುಣ್ಣದ ಈಚೆಯೇ ನಿಂತೆ.

"ತೆಗೀಬೇಡಮ್ಮ. ನಾನು ಬರಲ್ಲ ಒಳಕ್ಕೆ."

"ಯಾಕೆ?"

"ಅವತ್ತು ತೋರಿಸಿದ್ನಲ್ಲ, ಆ ಹುಳ. ಅವಕ್ಕೆ ಹಾಲುತೊಂಡೆ ತಾನಾಗಿ ಬಂದಿದ್ದಲ್ಲ, ನಾವೇ ಹಚ್ಚಿದ್ದು. ಆಮೇಲೆ ಇನ್ನೊಂದು ತಟ್ಟೆಗೆ ನಾನೇ ಚುಚ್ಚಿದೆ. ನನ್ ಕೈಯಾರೆ. ಚೆನ್ನಾಗಿದ್ದ ಹುಳಕ್ಕೆ."

ಅಮ್ಮ ಚಿಲಕದಿಂದ ಕೈ ತೆಗೆದಳು. ಅವಳ ಮುಖ ಜಾಲರಿಯಾಚೆ ಸರಿಯಾಗಿ ಕಾಣುತ್ತಿರಲಿಲ್ಲ. ಉಬ್ಬಸದ ಸದ್ದು ಮಾತ್ರ ಕೇಳಿತು. ಪಂಪು ತೆಗೆದು ಒತ್ತಿಕೊಂಡಳು. ಉಸಿರು ನೆಟ್ಟಗಾದ ಮೇಲೆ ಕೇಳಿದಳು.

"ಯಾಕಮ್ಮಾ ಹಂಗ್ ಮಾಡ್ದೆ?"

"ಈಗ ಒತ್ಕೊಂಡ್ಯಲ್ಲ, ಅದು ಎದೇಲಿ ಹೋಗಿ ಹಿಡ್ಕೊಳೋ ಜಾಗ ಇರುತ್ತಲ್ಲ, ಅದನ್ನ ಆ ಹುಳದಲ್ಲಿ ಮಾಡಿಸ್ದೆ. ಹಿಡೀತಮ್ಮ. ನಾಲ್ಕು ವರ್ಷ ಆದ್ಮೇಲೆ ಹಿಡೀತು."

ಅವಳು ಕೈಯಲ್ಲಿದ್ದ ಪಂಪನ್ನು ನೋಡಿದಳು, ತಟ್ಟೆಗಳನ್ನು ನೋಡಿದಳು. "ಪಾಪ, ಅವು" ಅಂದಳು. ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಜಾಲರಿಯ ಹತ್ತಿರ ಬಂದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀನು ಹೇಳಿದ್ದು ಒಳ್ಳೇದಾಯ್ತು. ಹುಳ ಹಣ್ಣಾಗ್ಲಿ, ಗೂಡು ಕಟ್ಟಕ್ಕೆ ಬಿದಿರು ಚಂದ್ರಂಕಿಗೆ ಹತ್ಲಿ, ಆಮೇಲೆ ಒಳಕ್ಕೆ ಬರುವಂತೆ. ಸೊಪ್ಪೂ ಮುಟ್ಬೇಡ."

"ಹೂಂ" ಎಂದು ಹೊರಡಲು ತಿರುಗಿದೆ. ಬೇವಿನ ಮರದ ಕೆಳಗೆ ಚಿಕ್ಕಮ್ಮ ಕೂತು ಅತ್ತ ಜಾಗ ಖಾಲಿಯಿತ್ತು.

"ಎಲ್ಲಿಗ್ ಹೋಗ್ತೀಯೇ?" ಅಮ್ಮ ಕೂಗಿದಳು. "ಒಳಕ್ಕೆ ಬರ್ಬೇಡ ಅಂದೆ, ಹೋಗು ಅಂದ್ನಾ? ಅಲ್ಲೇ ಹೊಸಿಲ ಆಚೆ ಕೂತ್ಕೊ. ನಾನು ಸೊಪ್ಪು ಹಾಕ್ತೀನಿ, ನೀನು ಮಾತಾಡು. ಮೂರು ತಿಂಗ್ಳಿಂದ ಮಾತೇ ಆಡಿಲ್ವಲ್ಲ."

ಸುಣ್ಣದ ಗೆರೆಯ ಈಚೆ ಕೂತೆ. ಎಲ್ಲಿಂದ ಶುರು ಮಾಡಲೆಂದು ತಿಳಿಯದೆ ನೀರು ಕಾಯಿಸುವ ಯಂತ್ರದಿಂದ ಶುರು ಮಾಡಿದೆ. ಒಳಗಿನಿಂದ ಅಮ್ಮ "ಹೂಂ, ಆಮೇಲೆ?" ಅನ್ನುತ್ತಾ ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದಳು. ಕತ್ತಲಾಗುವವರೆಗೆ ನಾನು ಮಾತಾಡಿದೆ.